ಲಾಟದಲ್ಲಿ ಬಾಳಿದ ಕನ್ನಡಿಗರು: ವಡೋದರಾ, ಸೂರತ್, ಅಹಮದಾಬಾದು ಪರಿಸರದ ಕೆಲವು ಸಾಕ್ಷ್ಯಗಳು

ಕರ್ನಾಟಕದ ಅರಸುಮನೆತನಗಳು ಗುಜರಾತನ್ನು ಆಳಿದ ಸಂಗತಿ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಹೆಮ್ಮೆಯಿಂದಲೇ ಉಲ್ಲೇಖಗೊಳ್ಳುತ್ತ ಬಂದಿದೆ. ಬಾದಾಮಿ ಚಾಲುಕ್ಯರ ಒಂದು ಶಾಖೆ ನವಸಾರಿಯಲ್ಲಿಯೂ, ರಾಷ್ಟ್ರಕೂಟರ ಒಂದು ಶಾಖೆ ಲಾಟದೇಶದಲ್ಲಿಯೂ ನೆಲೆಯೂರಿದ್ದುದು, ಗೋವೆಯ ಕದಂಬರ ರಾಜಕುಮಾರಿಯೊಬ್ಬಳು ಅಣಹಿಲಪಾಟಕದ ರಾಣಿಯಾದುದು ಎಲ್ಲವೂ ಸುಪರಿಚಿತ. ಆದರೆ ಆಳಿಕೆಯ ಈ ವೃತ್ತಾಂತದಲ್ಲಿ ಒಂದು ಪ್ರಶ್ನೆ ಬಹುಮಟ್ಟಿಗೆ ಹಿಂದೆ ಉಳಿದಿದೆ. ಹೀಗೆ ಹೋದವರು ಅಲ್ಲಿ ಬಾಳಿದ ಬಗೆ ಯಾವುದು? ಅವರು ಕಾಲವನ್ನು ಯಾವ ಶಕೆಯಲ್ಲಿ ಎಣಿಸಿದರು, ಹೆಸರನ್ನು ಯಾವ ಲಿಪಿಯಲ್ಲಿ ಬರೆದರು, ಯಾರನ್ನು ನೆರೆಯವರೆಂದೂ ಯಾರನ್ನು ಪರಕೀಯರೆಂದೂ ತಿಳಿದರು? ಈ ಪ್ರಶ್ನೆಗಳಿಗೆ ದೊರೆಯುವ ಉತ್ತರ ಚೂರುಚೂರಾದುದು. ಆ ಚೂರುಗಳನ್ನು ಒಂದೆಡೆ ಇಟ್ಟು ನೋಡುವುದಷ್ಟೇ ಈ ಬರಹದ ಉದ್ದೇಶ.

ಮೊದಲಿಗೆ ಒಂದು ಎಚ್ಚರಿಕೆಯ ಮಾತು. ಕವಿರಾಜಮಾರ್ಗವು ಕನ್ನಡನಾಡಿನ ಉತ್ತರದ ಎಲ್ಲೆಯಾಗಿ ಗೋದಾವರಿಯನ್ನು ಹೇಳುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. ಈ ಕೃತಿ ಹುಟ್ಟಿದುದು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅದೇ ಕಾಲದಲ್ಲಿ ಅವನ ದಾಯಾದಿಗಳು ಗೋದಾವರಿಯಿಂದ ಬಹುದೂರ ಉತ್ತರಕ್ಕೆ, ತಾಪಿ, ನರ್ಮದಾ, ಮಹೀ ನದಿಗಳ ಬಯಲಿನಲ್ಲಿ ರಾಜ್ಯವಾಳುತ್ತಿದ್ದರು. ಅರಸನ ಮನೆತನದ ಆಣೆ ನಡೆಯುವ ನೆಲವೂ ಕನ್ನಡದ ನೆಲವೂ ಒಂದೇ ಅಲ್ಲವೆಂಬುದು ಆಸ್ಥಾನದ ವಿದ್ವಾಂಸನಿಗೆ ಚೆನ್ನಾಗಿ ತಿಳಿದಿತ್ತು. ನಮ್ಮ ಕಾಲದ ಅಭಿಮಾನಿಗಳು ಈ ಭೇದವನ್ನು ಮರೆತಷ್ಟು ಅವನು ಮರೆತಿರಲಿಲ್ಲ. ಅವನ ಅಳತೆಯಲ್ಲಿಯೇ ನೋಡಿದರೆ ಲಾಟದಲ್ಲಿದ್ದ ರಾಷ್ಟ್ರಕೂಟರು ಪರದೇಶದಲ್ಲಿದ್ದವರು.

ಅವರಿಗಿಂತ ಮೊದಲು ಹೋದ ಚಾಲುಕ್ಯರ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. ನವಸಾರಿಯ ಅವನಿಜನಾಶ್ರಯ ಪುಲಕೇಶಿಯು ತಾಜಿಕರ, ಎಂದರೆ ಅರಬರ, ದಂಡನ್ನು ಹಿಮ್ಮೆಟ್ಟಿಸಿ ಬಿರುದುಗಳನ್ನು ಪಡೆದುದು ಅವನ ಕ್ರಿ.ಶ. 739ರ ತಾಮ್ರಪಟಗಳಿಂದ ತಿಳಿಯುತ್ತದೆ. ಇಲ್ಲಿ ನಮ್ಮ ಗಮನ ಯುದ್ಧಕ್ಕಿಂತ ಹೆಚ್ಚಾಗಿ ತೇದಿಯ ಮೇಲೆ ನಿಲ್ಲುತ್ತದೆ. ಬಾದಾಮಿಯ ಮೂಲಮನೆ ಬಳಸುತ್ತಿದ್ದುದು ಶಕವರ್ಷವನ್ನು; ಪುಲಕೇಶಿಯ ಶಾಸನದಲ್ಲಿರುವುದು 490ನೆಯ ವರ್ಷ, ಅದು ಆ ಪ್ರಾಂತದಲ್ಲಿ ರೂಢಿಯಲ್ಲಿದ್ದ ಕಲಚುರಿ ಸಂವತ್ಸರ. ಬಂದವರು ಊರಿನವರ ಲೆಕ್ಕವನ್ನು ಒಪ್ಪಿಕೊಂಡರು. ತರುವಾಯ ಬಂದ ರಾಷ್ಟ್ರಕೂಟರಾದರೋ ತಮ್ಮ ಶಕವರ್ಷವನ್ನು ಜೊತೆಯಲ್ಲಿಯೇ ತಂದರು. ವರ್ಷದ ಎಣಿಕೆ ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಇಂದು ಈ ನಗರಗಳಲ್ಲಿ ನೆಲೆಸಿರುವ ಕನ್ನಡ ಮನೆಗಳನ್ನು ಕಂಡವರು ಹಾಗೆ ತಿಳಿಯಲಾರರು. ಚೈತ್ರದಲ್ಲಿ ಬೇವುಬೆಲ್ಲ ಹಂಚಿ ವರ್ಷ ತೊಡಗಿಸಿದ ಮನೆಯವರೇ ಕಾರ್ತಿಕದ ಪಾಡ್ಯದಂದು, ನಮಗೆ ಬಲಿಪಾಡ್ಯಮಿಯಾದ ಅದೇ ದಿನ, ನೆರೆಯವರ ‘ಸಾಲ್ ಮುಬಾರಕ್’ಗೆ ಪ್ರತಿವಂದನೆ ಹೇಳುತ್ತಾರೆ. ತಿಂಗಳು ಅಮಾವಾಸ್ಯೆಗೆ ಮುಗಿಯುವುದು ಎರಡೂ ನಾಡುಗಳಲ್ಲಿ ಸಮಾನ. ವರ್ಷದ ಬಾಗಿಲು ಮಾತ್ರ ಬೇರೆ.

ಈಗ ವಡೋದರೆಗೆ ಬರೋಣ. ರಾಷ್ಟ್ರಕೂಟ ಮೂರನೆಯ ಗೋವಿಂದನು ತನ್ನ ತಮ್ಮನಾದ ಇಂದ್ರನಿಗೆ ಲಾಟಮಂಡಲವನ್ನು ವಹಿಸಿಕೊಟ್ಟನು. ಇಂದ್ರನ ಮಗ ಕರ್ಕ ಸುವರ್ಣವರ್ಷನು ಶಕ 734ರಲ್ಲಿ, ಎಂದರೆ ಕ್ರಿ.ಶ. 812ರಲ್ಲಿ, ಹೊರಡಿಸಿದ ದಾನಶಾಸನವು ವಡೋದರೆಯಲ್ಲಿ ದೊರೆತಿದೆ. ಕನ್ನಡ ಶಾಸನಗಳ ಮೇಲೆ ಜೀವಮಾನವೆಲ್ಲ ದುಡಿದ ಜೆ. ಎಫ್. ಫ್ಲೀಟರು ಅದನ್ನು 1883ರಲ್ಲಿ ಪರಿಷ್ಕರಿಸಿ ಪ್ರಕಟಿಸಿದರು. ದಾನವಾಗಿ ಕೊಟ್ಟ ಊರು ವಟಪದ್ರಕ. ಅಂಕೋಟ್ಟಕ ಎಂಬ ಎಂಬತ್ತನಾಲ್ಕು ಹಳ್ಳಿಗಳ ವಿಭಾಗಕ್ಕೆ ಸೇರಿದ ಒಂದು ಹಳ್ಳಿ. ಇದೇ ಇಂದಿನ ವಡೋದರಾ. ಅಂಕೋಟ್ಟಕವೇ ಅಕೋಟಾ, 1951ರಲ್ಲಿ ಅಲ್ಲಿ ಜೈನ ಕಂಚಿನ ವಿಗ್ರಹಗಳ ನಿಧಿ ಬೆಳಕಿಗೆ ಬಂದಿತು. ಆಗ ಅಕೋಟಾ ದೊಡ್ಡ ಊರು, ವಡೋದರಾ ಅದರ ಪೂರ್ವದ ಗಡಿಯಾಚೆಗಿನ ಹಳ್ಳಿ. ಇಂದು ಅಕೋಟಾ ವಡೋದರೆಯ ಒಂದು ಬಡಾವಣೆ.

ಶಾಸನದಲ್ಲಿ ಕರ್ಕನ ಪರಾಕ್ರಮವನ್ನು ಹೇಳುವಾಗ ಕವಿ ಒಂದು ಗೃಹೋಪಯೋಗಿ ಉಪಮೆಯನ್ನು ಬಳಸಿದ್ದಾನೆ. ಗೌಡ, ವಂಗಗಳನ್ನು ಗೆದ್ದು ಬೀಗುತ್ತಿದ್ದ ಗುರ್ಜರರಾಜನಿಗೆ ಎದುರಾಗಿ ಕರ್ಕನ ತೋಳು ಬಾಗಿಲ ಅಗುಳಿಯಂತೆ ನಿಂತಿತೆಂದು ಅದರ ತಾತ್ಪರ್ಯ. ಮಳಖೇಡದ ದೊಡ್ಡಮನೆಗೆ ಲಾಟದ ಬಂಧುಗಳು ಬೇಕಾಗಿದ್ದುದು ಈ ಕೆಲಸಕ್ಕೇ. ದಾನ ಪಡೆದವನು ಭಾನು ಎಂಬ ಬ್ರಾಹ್ಮಣ, ಸೋಮಾದಿತ್ಯನ ಮಗ. ಅವನು ವಲಭಿಯಿಂದ ಬಂದು ನೆಲೆಸಿದವನೆಂದು ಶಾಸನವೇ ಹೇಳುತ್ತದೆ. ಎಂಟನೆಯ ಶತಮಾನದಲ್ಲಿ ವಲಭಿ ನಾಶವಾದ ಮೇಲೆ ಸೌರಾಷ್ಟ್ರದಿಂದ ಚದುರಿದ ಕುಟುಂಬಗಳಲ್ಲಿ ಇದೂ ಒಂದಾಗಿರಬಹುದೆಂದು ನಮಗೆ ತೋರುತ್ತದೆ. ಕೊಟ್ಟವನು ತೆಂಕಣದಿಂದ ಬಂದವನ ಮಗ, ಪಡೆದವನು ಪಡುವಣದಿಂದ ಬಂದವನು. ಇಬ್ಬರಿಗೂ ಆ ನೆಲ ತಾತಮುತ್ತಾತಂದಿರದಲ್ಲ. ಆ ಹಳ್ಳಿಯಲ್ಲಿ ಮೊದಲಿನಿಂದಲೂ ಉಳುತ್ತಿದ್ದವರು ಈ ಏರ್ಪಾಡನ್ನು ಹೇಗೆ ಕಂಡರೋ, ತಾಮ್ರಪಟ ಆ ಮಾತನ್ನೆತ್ತುವುದಿಲ್ಲ. ಅದು ಗಡಿಯ ಕೆರೆಯನ್ನೂ ನೆರೆಯ ಊರುಗಳನ್ನೂ ಗುರುತಿಸಿ ತನ್ನ ಕೆಲಸ ಮುಗಿಸುತ್ತದೆ.

ಇದೇ ಕರ್ಕನ ನವಸಾರಿ ತಾಮ್ರಪಟಗಳಲ್ಲಿ, ನಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಸಾಕ್ಷ್ಯವಿದೆ. ಶಾಸನದ ಪಾಠ ಉತ್ತರದ ಲಿಪಿಯಲ್ಲಿದೆ, ಭಾಷೆ ಸಂಸ್ಕೃತ. ಕೊನೆಯಲ್ಲಿ ಬರುವ ಅರಸನ ಸಹಿ ಮಾತ್ರ ದಕ್ಷಿಣದ, ಹಳಗನ್ನಡದ ಲಿಪಿಯಲ್ಲಿದೆ. ರಾಷ್ಟ್ರಕೂಟರ ಮನೆಮಾತು ಕನ್ನಡವೆಂದು ಸಾಧಿಸುವಾಗ ಅ. ಸ. ಆಳ್ತೇಕರರು 1934ರ ತಮ್ಮ ಗ್ರಂಥದಲ್ಲಿ ಈ ಸಹಿಗೆ ಮಹತ್ತ್ವ ಕೊಟ್ಟರು. ಅಂದಿನಿಂದ ನಾವೂ ಅದನ್ನು ಮೂಲದ ಪ್ರಮಾಣವಾಗಿಯೇ ಓದುತ್ತ ಬಂದಿದ್ದೇವೆ. ಅದನ್ನು ನಿತ್ಯಜೀವನದ ಪ್ರಮಾಣವಾಗಿಯೂ ಓದಬಹುದು. ಕಚೇರಿಯ ಬರಹಗಾರರು ಊರಿನ ಲಿಪಿಯವರು. ದಾನವನ್ನು ಓದಿ ಜಾರಿಗೆ ತರಬೇಕಾದ ವಿಷಯಪತಿಗಳೂ ಗ್ರಾಮಮುಖ್ಯರೂ ಓದಬಲ್ಲುದು ಆ ಲಿಪಿಯನ್ನೇ. ಆದುದರಿಂದ ವ್ಯವಹಾರವೆಲ್ಲ ಅದರಲ್ಲಿ ನಡೆಯಿತು. ಕೈಗೆ ಬಾಲ್ಯದಿಂದ ಅಂಟಿಕೊಂಡಿದ್ದ ಅಕ್ಷರ ಹೆಸರೊಂದರಲ್ಲಿ ಉಳಿಯಿತು. ಅಹಮದಾಬಾದಿನ ಕನ್ನಡಿಗರೊಬ್ಬರ ಮನೆಯಲ್ಲಿ ನಾವು ಇಂಥದನ್ನೇ ಕಂಡಿದ್ದೇವೆ. ಅಂಗಡಿಯ ಲೆಕ್ಕ, ಬೆಳಕಿನ ಬಿಲ್ಲು, ಮಕ್ಕಳ ಶಾಲೆಯ ಕಾಗದ ಎಲ್ಲವೂ ಗುಜರಾತಿಯಲ್ಲಿ. ಯಜಮಾನರ ರುಜು ಕನ್ನಡದಲ್ಲಿ. ಅವರ ಮಗನದು ಗುಜರಾತಿಯಲ್ಲಿತ್ತು.

ಸೂರತ್ತಿನ ತಾಮ್ರಪಟಗಳು ಶಕ 743, ಎಂದರೆ ಕ್ರಿ.ಶ. 821ರವು. ಬಾಲಕನಾಗಿ ಪಟ್ಟಕ್ಕೆ ಬಂದ ಅಮೋಘವರ್ಷನ ವಿರುದ್ಧ ಬಂಡಾಯವೆದ್ದಾಗ ಕರ್ಕನೇ ಮುಂದೆ ನಿಂತು ಅವನನ್ನು ಸಿಂಹಾಸನದಲ್ಲಿ ಮತ್ತೆ ಕೂರಿಸಿದ ಸಂಗತಿ ಇವುಗಳಿಂದ ತಿಳಿದುಬರುತ್ತದೆ. ದಾನವು ನಾಗಸಾರಿಕೆಯ, ಇಂದಿನ ನವಸಾರಿಯ, ಜಿನಾಲಯಕ್ಕೆ ಸಂಬಂಧಿಸಿದುದು. ಸ್ವೀಕರಿಸಿದ ಗುರು ಸೇನಸಂಘದ ಅಪರಾಜಿತ. ಅಮೋಘವರ್ಷನ ಗುರುವೆನಿಸಿದ ಜಿನಸೇನರೂ, ಅವರ ಗುರು ವೀರಸೇನರೂ ಇದೇ ಸೇನಪರಂಪರೆಯವರು. ಪರನಾಡಿನಲ್ಲಿ ನೆಲೆಸಿದವನಿಗೆ ತನ್ನ ನಾಡಿನೊಡನೆ ನಂಟನ್ನು ಉಳಿಸಿಕೊಡುವುದು ಅನೇಕ ವೇಳೆ ಅರಮನೆಗಿಂತ ಇಂಥ ಗುರುಮನೆಗಳೇ. ವೀರಸೇನರು ಆರಂಭಿಸಿದ ಜಯಧವಲಾ ವ್ಯಾಖ್ಯಾನವನ್ನು ಜಿನಸೇನರು ಶಕ 759ರಲ್ಲಿ ವಾಟಗ್ರಾಮವೆಂಬಲ್ಲಿ ಮುಗಿಸಿದರು. ಆ ವಾಟಗ್ರಾಮ ವಡೋದರೆಯೇ ಎಂದು ಕೆಲವರೂ, ನಾಸಿಕದ ಕಡೆಯ ವಡನೇರವೆಂದು ಕೆಲವರೂ ವಾದಿಸಿದ್ದಾರೆ, ತೀರ್ಮಾನಕ್ಕೆ ಆತುರಪಡಬೇಕಾಗಿಲ್ಲ. ಆ ವ್ಯಾಖ್ಯಾನವನ್ನು ಹಳಗನ್ನಡ ಲಿಪಿಯ ಓಲೆಗಳಲ್ಲಿ ಕಾಪಾಡಿಕೊಟ್ಟದ್ದು ಮೂಡಬಿದಿರೆ ಎಂಬುದಂತೂ ನಿರ್ವಿವಾದ.

ಆದರೆ ನಂಟು ಹೀಗೆಯೇ ಉಳಿಯಲಿಲ್ಲ. ಸೂರತ್ ಜಿಲ್ಲೆಯ ಬಗುಮ್ರಾದಲ್ಲಿ ದೊರೆತ ಎರಡನೆಯ ಧ್ರುವನ ಕ್ರಿ.ಶ. 867ರ ಶಾಸನವನ್ನು ಓದುವಾಗ ಮನಸ್ಸು ಕಸಿವಿಸಿಗೊಳ್ಳುತ್ತದೆ. ಕರ್ಕನ ಮಗ ಮೊದಲನೆಯ ಧ್ರುವನು ‘ವಲ್ಲಭ’ನ ಸೇನೆಯೊಡನೆ ಕಾದಿ, ನೂರಾರು ಗಾಯಗಳಿಂದ ಮಡಿದನೆಂದು ಅದು ಹೇಳುತ್ತದೆ. ವಲ್ಲಭನೆಂದರೆ ಮಳಖೇಡದ ಅರಸ, ಅಮೋಘವರ್ಷನೇ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ತಂದೆ ಯಾರಿಗೆ ಸಿಂಹಾಸನ ಉಳಿಸಿಕೊಟ್ಟನೋ ಅವನ ಸೇನೆಯಿಂದಲೇ ಮಗನಿಗೆ ಸಾವು. ಎರಡನೆಯ ಧ್ರುವನ ಕಾಲಕ್ಕೆ ಪರಿಸ್ಥಿತಿ ಇನ್ನೂ ಬಿಗಡಾಯಿಸಿತ್ತು. ಒಂದು ಕಡೆ ಗುರ್ಜರ, ಒಂದು ಕಡೆ ವಲ್ಲಭ, ಇನ್ನೊಂದು ಕಡೆ ತಿರುಗಿಬಿದ್ದ ಬಂಧುಗಳು. ಇಂದ್ರನು ಹೋದ ಕಾಲದಲ್ಲಿ ವಲ್ಲಭನೆಂಬ ಹೆಸರು ಅಣ್ಣನ ಹೆಸರಾಗಿತ್ತು. ಮೂರು ತಲೆಮಾರು ಕಳೆಯುವುದರೊಳಗೆ ಅದು ಶತ್ರುಗಳ ಪಟ್ಟಿಯಲ್ಲಿ ಗುರ್ಜರನ ಪಕ್ಕದಲ್ಲಿ ಕುಳಿತಿದೆ. ಲಾಟದವರಿಗೆ ಲಾಟವೇ ಊರಾಗಿತ್ತೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಡ. ಒಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಈ ಶಾಖೆಯೇ ಅಳಿದು, ನಾಡು ಮಳಖೇಡದ ನೇರ ಆಳ್ವಿಕೆಗೆ ಸೇರಿತು.

ಸೂರತ್ತಿನಿಂದ ದಕ್ಷಿಣಕ್ಕೆ, ಇಂದಿನ ವಲಸಾಡ ಜಿಲ್ಲೆಯಲ್ಲಿರುವ ಸಂಜಾಣ ಪಾರಸಿಗಳ ನೆನಪಿನಲ್ಲಿ ಪವಿತ್ರವಾದ ಊರು. ಇರಾನಿನಿಂದ ಬಂದ ಅವರ ಹಿರಿಯರು ಮೊದಲು ನೆಲೆ ಕಂಡದ್ದು ಅಲ್ಲಿ ಎಂಬುದು ಅವರ ಪರಂಪರೆ. ಅದೇ ಊರನ್ನು ಹತ್ತನೆಯ ಶತಮಾನದ ಆದಿಯಲ್ಲಿ ರಾಷ್ಟ್ರಕೂಟರ ಪರವಾಗಿ ಆಳುತ್ತಿದ್ದವನು ಒಬ್ಬ ತಾಜಿಕ. ಚಿಂಚಣಿಯಲ್ಲಿ ದೊರೆತ ಶಕ 848ರ ತಾಮ್ರಪಟಗಳಲ್ಲಿ ಅವನ ಹೆಸರು ಮಧುಮತಿ, ಎಂದರೆ ಮುಹಮ್ಮದ್. ಅವನು ಹೊಳೆ ದಾಟಲು ಹಣವಿಲ್ಲದ ದೋಣಿಯನ್ನೂ, ಅಕ್ಕಿಯ ಅನ್ನ, ವ್ಯಂಜನ, ತುಪ್ಪ ಬಡಿಸುವ ಛತ್ರವನ್ನೂ ಏರ್ಪಡಿಸಿದನು. ಅಣ್ಣಯ್ಯನೆಂಬ ಬ್ರಾಹ್ಮಣ ಕಟ್ಟಿಸಿದ ಮಠಿಕೆಗೆ ಭೂದಾನವನ್ನೂ ಮಾಡಿದನು. ಪುವ್ವಯ್ಯನೆಂಬ ಇನ್ನೊಂದು ಹೆಸರೂ ಅಲ್ಲಿ ಬರುತ್ತದೆ. ಅಣ್ಣಯ್ಯ, ಪುವ್ವಯ್ಯ ಎಂಬ ಹೆಸರುಗಳು ನಮ್ಮ ಕಿವಿಗೆ ಎಷ್ಟು ಹತ್ತಿರದವೆಂಬುದನ್ನು ವಿವರಿಸಬೇಕಾಗಿಲ್ಲ. ಹೆಸರಿನಿಂದಲೇ ಭಾಷೆಯನ್ನು ನಿಶ್ಚಯಿಸುವುದು ಅಪಾಯಕರ. ಆದರೂ ಅರಬ ಅಧಿಕಾರಿಯೊಬ್ಬನು ಅಣ್ಣಯ್ಯನ ಮಠಕ್ಕೆ ನೆಲ ಬಿಟ್ಟ ಆ ಕರಾವಳಿಯಲ್ಲಿ ಪರಕೀಯರಾರೆಂದು ಕೇಳಿದರೆ ಉತ್ತರಿಸುವುದು ಕಷ್ಟ.

ಹೊಂದಿಕೊಳ್ಳಲಾರದೆ ಹೋದವನೊಬ್ಬನ ಮಾತನ್ನೂ ಇಲ್ಲಿಯೇ ಸೇರಿಸಬೇಕು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಬಿಲ್ಹಣ ಕವಿ ಸೋಮನಾಥದ ಯಾತ್ರೆಗೆಂದು ಗುಜರಾತಿಗೆ ಬಂದು, ಬೇಸತ್ತು, ಕೊನೆಗೆ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಸೇರಿದನು. ಗುಜರಾತಿನವರು ಕಚ್ಚೆ ಕಟ್ಟುವುದಿಲ್ಲ, ಅವರ ಮಾತು ಕೇಳಲಾಗದು ಎಂದು ವಿಕ್ರಮಾಂಕದೇವಚರಿತದ ಕೊನೆಯ ಸರ್ಗದಲ್ಲಿ ದೂರಿದ್ದಾನೆ. ಉಡಿಗೆ, ಮಾತು ಇವೆರಡರಲ್ಲಿಯೇ ಹೊಸಬನಿಗೆ ಮೊದಲ ಮುಳ್ಳು ಚುಚ್ಚುವುದು.

ಇದೇ ಕಾಲದಲ್ಲಿ ಕರ್ನಾಟಕದಿಂದ ಅಲ್ಲಿಗೆ ಹೋಗಿ ಅಲ್ಲಿಯೇ ಉಳಿದವಳು ಕದಂಬ ಜಯಕೇಶಿಯ ಮಗಳು ಮಯಣಲ್ಲದೇವಿ. ಅವಳ ಗಂಡ ಚೌಲುಕ್ಯ ಕರ್ಣನು ಆಶಾಪಲ್ಲಿಯ ಬಳಿ ಕಟ್ಟಿಸಿದ ಕರ್ಣಾವತಿಯ ನೆಲೆಯಲ್ಲಿಯೇ 1411ರಲ್ಲಿ ಅಹಮದಾಬಾದು ಎದ್ದಿತು. ಅವಳ ಮದುವೆಯನ್ನು ಕುರಿತು ಎರಡು ಕಥೆಗಳಿವೆ. ಅವಳ ಮಗನ ಆಸ್ಥಾನದಲ್ಲಿದ್ದ ಹೇಮಚಂದ್ರನು, ಕರ್ಣನು ಅವಳ ಚಿತ್ರಪಟವನ್ನು ನೋಡಿ ಮೋಹಗೊಂಡನೆನ್ನುತ್ತಾನೆ. 1305ರಲ್ಲಿ ಪ್ರಬಂಧಚಿಂತಾಮಣಿಯನ್ನು ಮುಗಿಸಿದ ಮೇರುತುಂಗನು ಹೇಳುವುದು ಬೇರೆ: ಕರ್ಣನಿಗೆ ಅವಳ ರೂಪ ಹಿಡಿಸಲಿಲ್ಲ, ಅವಳು ಸಖಿಯರೊಡನೆ ಪ್ರಾಣ ಬಿಡಲು ನಿಂತಾಗ ಅತ್ತೆ ಉದಯಮತಿಯೂ ಅವಳೊಡನೆ ಸಾಯುವೆನೆಂದಳು, ಆಗ ಅವನು ಕೈಹಿಡಿದನು, ಹಿಡಿದರೂ ಕಣ್ಣೆತ್ತಿ ನೋಡಲಿಲ್ಲ. ಆಸ್ಥಾನದ ಪಂಡಿತನು ರಾಜಮಾತೆಯ ವಿಷಯದಲ್ಲಿ ಸವಿಯಾದುದನ್ನೇ ಹೇಳುವುದು ಸಹಜ. ಎರಡನೆಯ ಕಥೆಯಲ್ಲಿ ಪರನಾಡಿನ ಸೊಸೆಗೆ ಮೊದಲು ಆಸರೆಯಾದವಳು ಅತ್ತೆ ಎಂಬ ಅಂಶ ನಮಗೆ ಹೆಚ್ಚು ನಂಬಲರ್ಹವೆನಿಸುತ್ತದೆ.

ಕರ್ಣನ ತರುವಾಯ ಬಾಲಕನಾಗಿದ್ದ ಸಿದ್ಧರಾಜ ಜಯಸಿಂಹನ ಪರವಾಗಿ ಅವಳು ರಾಜ್ಯಭಾರ ನೋಡಿಕೊಂಡಳು. ಗುಜರಾತಿಗರ ಬಾಯಲ್ಲಿ ಅವಳು ಮೀನಳದೇವಿ. ಕಲ್ಯಾಣದ ಚಾಲುಕ್ಯರಲ್ಲಿ ಕಂಡುಬರುವ ಮೈಲಳದೇವಿ ಎಂಬ ಹೆಸರೇ ಮಯಣಲ್ಲಾ ಆಗಿ ಮೀನಳ ಆಯಿತೋ ಏನೋ. ಇದು ನಮ್ಮ ಊಹೆ. ಅಹಮದಾಬಾದು ಜಿಲ್ಲೆಯ ವೀರಮಗಾಮದ ಮುನಸರ, ಧೋಳಕದ ಮಲಾವ ಕೆರೆಗಳನ್ನು ಜನರು ಅವಳ ಹೆಸರಿಗೇ ಜೋಡಿಸುತ್ತಾರೆ. ಮಲಾವ ಕಟ್ಟುವಾಗ ದಂಡೆಗೆ ಅಡ್ಡವಾಗಿದ್ದ ಮನೆಯನ್ನು ಬಿಟ್ಟುಕೊಡಲು ವೇಶ್ಯೆಯೊಬ್ಬಳು ಎಷ್ಟು ಹಣಕ್ಕೂ ಒಪ್ಪಲಿಲ್ಲ. ರಾಣಿ ಬಲವಂತ ಮಾಡದೆ ಕೆರೆಯ ಆಕಾರವನ್ನೇ ಸೊಟ್ಟಗಾಗಲು ಬಿಟ್ಟಳೆಂಬ ಐತಿಹ್ಯವಿದೆ. ಕನ್ನಡನಾಡಿನಲ್ಲಿ ಕೆರೆ ಕಟ್ಟಿಸುವ ರಾಣಿಯರು ಹೊಸಬರಲ್ಲ. ತವರಿನಿಂದ ಒಯ್ದ ಈ ರೂಢಿಯನ್ನು ಅವಳು ಮಳೆ ಕಡಮೆಯಾದ ಆ ಬಯಲಿನಲ್ಲಿ ಮುಂದುವರಿಸಿದಳೆಂದು ಹೇಳಲು ಮನಸ್ಸಾಗುತ್ತದೆ. ಆದರೆ ಬಾವಿ, ಕೆರೆಗಳನ್ನು ಕಟ್ಟಿಸುವುದು ಅತ್ತೆಯ ಮನೆಯ ರೂಢಿಯೂ ಹೌದು, ಪಾಟಣದ ರಾಣೀ ವಾವ್ ಉದಯಮತಿಯ ಹೆಸರಿನದೇ.

ಸೋಮನಾಥಕ್ಕೆ ಹೋಗುವ ಯಾತ್ರಿಕರಿಂದ ಬಾಹುಲೋಡದಲ್ಲಿ ವಸೂಲು ಮಾಡುತ್ತಿದ್ದ ಸುಂಕವನ್ನು ಅವಳು ಮಗನಿಂದ ರದ್ದು ಮಾಡಿಸಿದ ಸಂಗತಿಯನ್ನೂ ಮೇರುತುಂಗನೇ ಹೇಳುತ್ತಾನೆ. ಆ ಸುಂಕದ ಉತ್ಪತ್ತಿ 72 ಲಕ್ಷವೆಂದು ಅವನ ಲೆಕ್ಕ, ಉತ್ಪ್ರೇಕ್ಷೆಯಿರಬಹುದು. ಹಿಂದಿನ ಜನ್ಮದಲ್ಲಿ ಬಡ ಯಾತ್ರಿಕಳಾಗಿ ಬಂದು, ಸುಂಕಕ್ಕೆ ಹಣವಿಲ್ಲದೆ ಅಲ್ಲಿಂದಲೇ ಹಿಂತಿರುಗಿದ ನೆನಪು ಅವಳಿಗಿತ್ತೆಂದು ಕಥೆ. ಸುಂಕ ಬಿಡಿಸಿ, ಸೋಮೇಶ್ವರನಿಗೆ ಮಹಾದಾನಗಳನ್ನು ಮಾಡಿ, ತನ್ನಷ್ಟು ಪುಣ್ಯ ಗಳಿಸಿದವರಿಲ್ಲವೆಂದು ಅವಳು ಮಲಗಿದ ರಾತ್ರಿ, ಅಲ್ಲಿಗೆ ಬಂದಿರುವ ಒಬ್ಬ ಬಡ ಯಾತ್ರಿಕಳ ಪುಣ್ಯವನ್ನು ಬೇಡಿಕೋ ಎಂದು ದೇವರು ಕನಸಿನಲ್ಲಿ ಹೇಳಿದನಂತೆ. ಬೆಳಗ್ಗೆ ಆ ಹೆಂಗಸನ್ನು ಹುಡುಕಿಸಿ ಕರೆಸಿದರು. ತಿರಿದು ತಂದುದರಲ್ಲಿ ದೇವರಿಗಿಷ್ಟು, ಅತಿಥಿಗಿಷ್ಟು ಕೊಟ್ಟು ಉಳಿದುದರಿಂದ ಉಪವಾಸ ಮುರಿದಿದ್ದವಳು ಅವಳು. ತಂದೆ, ಗಂಡ, ಮಗ ಎಲ್ಲರೂ ಅರಸರಾಗಿರುವ ನಿನಗೆ ನನ್ನ ಈ ಕಿಂಚಿತ್ತು ಪುಣ್ಯದ ಆಸೆಯೇಕೆ ಎಂದು ಕೇಳಿ, ಅವಳು ಕೊಡಲೊಪ್ಪಲಿಲ್ಲ.