ಅರೆಕಾಲಿಕ ಸಿಪಾಯಿಯ ಪಿಂಚಣಿ

ಕುಂದಲಹಳ್ಳಿ ಗೇಟಿನಿಂದ ಪೂರ್ವಕ್ಕೆ ಹೋದರೆ ಸಿಗುವ ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ, ಆಂಗ್ಲೋ ಇಂಡಿಯನ್ನರ ಕೃಷಿ ಕಾಲೊನಿಯಾಗಿ. ಆದರೆ ಆ ಸಮುದಾಯ ಹೆಚ್ಚು ನೆಚ್ಚಿದ್ದು ರೈಲ್ವೆ, ತಂತಿ ಇಲಾಖೆಗಳ ನೌಕರಿಯನ್ನು. ರೈಲ್ವೆ ನೌಕರಿಯ ಬೆನ್ನಿಗೇ ಅರೆಕಾಲಿಕ ಸಿಪಾಯಿಯ ಕವಾಯತೂ ಬರುತ್ತಿತ್ತು. ಅಂಥ ದಳಗಳಲ್ಲೊಂದಾದ ಬೆಂಗಳೂರು ರೈಫಲ್ ವಾಲಂಟಿಯರ್ಸ್ 1868ರಲ್ಲೇ ಹುಟ್ಟಿತ್ತು. 1920ರ ಕಾನೂನಿನಡಿ ಆಕ್ಸಿಲಿಯರಿ ಫೋರ್ಸ್ ಎಂಬ ಅರೆಕಾಲಿಕ ಸೇನೆ ಬಂದಾಗ ಅದರಲ್ಲಿ ಜಾಗ ಸಿಕ್ಕಿದ್ದು ಯುರೋಪಿಯನ್ನರಿಗೆ, ಆಂಗ್ಲೋ ಇಂಡಿಯನ್ನರಿಗೆ ಮಾತ್ರ. ಉಳಿದವರಿಗೆ ಟೆರಿಟೋರಿಯಲ್ ಫೋರ್ಸ್ ಎಂಬ ಬೇರೆ ಪಂಕ್ತಿ.

ಸ್ವತಂತ್ರ ಭಾರತ ಈ ಪಂಕ್ತಿಭೇದ ತೆಗೆದು 1948ರಲ್ಲಿ ಪ್ರಾದೇಶಿಕ ಸೇನೆಯ ಕಾಯ್ದೆ ತಂದಿತು. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ರಾಜಾಜಿ ಈ ಸೇನೆಯನ್ನು ಉದ್ಘಾಟಿಸಿದರು. ಸೇರುವವನಿಗೆ ಬೇರೆ ಸಂಪಾದನೆ ಇರಲೇಬೇಕು. ನಗರದ ತುಕಡಿಗಳಲ್ಲಿ ವರ್ಷಕ್ಕೆ 30 ದಿನ ತರಬೇತಿ. ನಾಲ್ಕು ತಾಸು ಕವಾಯತು ಮಾಡಿದರೆ ಒಂದು ದಿನದ ಲೆಕ್ಕ.

ಶನಿವಾರ, ಭಾನುವಾರದ ಕವಾಯತಿಗೆ ಯಾವ ಸಾಹೇಬನೂ ತಕರಾರು ಮಾಡಲಾರ. ಕರೆ ಬಂದು ತಿಂಗಳುಗಟ್ಟಲೆ ಗಡಿಗೆ ಹೋದರೆ? 1962, 1965, 1971ರ ಯುದ್ಧಗಳಲ್ಲಿ ಹಾಗೆ ಹೋದವರಿದ್ದರು. ಕಾಯ್ದೆಯ 7ನೇ ಸೆಕ್ಷನ್ ಇದಕ್ಕೆಂದೇ ಇದೆ: ಮರಳಿ ಬಂದವನನ್ನು ಮೊದಲಿಗಿಂತ ಕಡಿಮೆಯಲ್ಲದ ಷರತ್ತಿನ ಮೇಲೆ ಕೆಲಸಕ್ಕೆ ತೆಗೆದುಕೊಳ್ಳಬೇಕು. ಇದಕ್ಕೆ ನಿಗದಿಯಾದ ಪ್ರಾಧಿಕಾರದ ಆದೇಶವನ್ನೂ ಮೀರಿದ ಮಾಲೀಕನಿಗೆ ಆರು ತಿಂಗಳ ಸಂಬಳದ ಹೊರೆ, ಜೊತೆಗೆ 1,000 ರೂಪಾಯಿವರೆಗೆ ದಂಡ. ಈ ದಂಡದ ಮೊತ್ತ ಇವತ್ತು ವೈಟ್‌ಫೀಲ್ಡಿನ ಐಟಿಪಿಎಲ್ ಟೆಕ್ ಪಾರ್ಕ್ ಪಕ್ಕದ ಹೋಟೆಲಿನಲ್ಲಿ ಒಂದು ಟೀಮಿನ ಊಟಕ್ಕೂ ಸಾಲದು. 7ಎ ಸೆಕ್ಷನ್ ಪಿಎಫ್, ನಿವೃತ್ತಿ ನಿಧಿಗಳ ಹಕ್ಕನ್ನು ಕಾಯುತ್ತದೆ. ಎಷ್ಟರಮಟ್ಟಿಗೆ ಎಂಬುದನ್ನು ನಿಯಮಗಳಿಗೆ ಬಿಟ್ಟಿದೆ.

ಸರ್ಕಾರಿ ನೌಕರರ ಮಟ್ಟಿಗೆ ದಾರಿ ಸಲೀಸಾಗಿತ್ತು. ಕೇಂದ್ರದ ನಿಯಮದಂತೆ ಪ್ರಾದೇಶಿಕ ಸೇನೆಯಲ್ಲಿ ಕಳೆದ ಅವಧಿ ರಜೆಗೂ ಪಿಂಚಣಿಗೂ ಕರ್ತವ್ಯವೆಂದೇ ಎಣಿಕೆ. ಅದು ಬೇಕೂ ಇತ್ತು. ಏಕೆಂದರೆ ಸೇನೆಯದೇ ಪಿಂಚಣಿ ಬೇಕಾದರೆ ಜವಾನನಿಗೆ 15, ಅಧಿಕಾರಿಗೆ 20 ವರ್ಷ ಪೂರ್ಣಾವಧಿ ಕರೆಯ ಸೇವೆ ಆಗಿರಬೇಕು. ಭಾನುವಾರದ ಕವಾಯತನ್ನು ಎಷ್ಟು ಕೂಡಿಸಿದರೂ ಅದು ಅಲ್ಲಿಗೆ ಮುಟ್ಟದು.

ಪ್ರಾದೇಶಿಕ ಸೇನೆಯ (ಟಿಎ) ಬೆಂಗಳೂರಿನ ಪ್ಯಾರಾ ತುಕಡಿ 106 ಟಿಎ ಬೆಟಾಲಿಯನ್ನಿನ ಹೆಸರು 2019ರಲ್ಲಿ ಮನೆಮಾತಾಯಿತು. ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿದ್ದ ಕ್ರಿಕೆಟಿಗ ಧೋನಿ ಅದರೊಂದಿಗೆ ಕಾಶ್ಮೀರಕ್ಕೆ ಹೋಗಿದ್ದರು. ಧೋನಿಗೆ ಪಿಂಚಣಿಯ ಚಿಂತೆಯಿಲ್ಲ ಬಿಡಿ.

ಚಿಂತೆ ಇರುವುದು ಟೆಕ್ ಪಾರ್ಕಿನಿಂದ ತರಬೇತಿಗೆ ಹೋಗುವವರಿಗೆ. ಹಳೆಯ ಪಿಂಚಣಿಯಲ್ಲಿ ಕೇಳುತ್ತಿದ್ದದ್ದು ಎಷ್ಟು ವರ್ಷದ ಸೇವೆ ಎಂದು. ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಪದ್ಧತಿ ಕೇಂದ್ರದಲ್ಲಿ 2004ರಿಂದ, ಕರ್ನಾಟಕದಲ್ಲಿ 2006ರಿಂದ ಬಂದ ಮೇಲೆ ಲೆಕ್ಕ ಮುಖ್ಯವಾಗಿ ತಿಂಗಳ ಕಂತಿನದಾಯಿತು. ಖಾಸಗಿ ಕಂಪನಿಯ ಇಪಿಎಫ್‌ನಲ್ಲೂ ಮೂಲ ಸಂಬಳ, ತುಟ್ಟಿಭತ್ಯೆಯ ಶೇಕಡಾ 12 ತಿಂಗಳು ತಿಂಗಳು ಬೀಳಬೇಕು. ಕರೆಯ ಮೇಲೆ ಹೋದವನಿಗೆ ಕಂಪನಿ ಸಂಬಳ ನಿಲ್ಲಿಸಿದರೆ ಆ ತಿಂಗಳ ಕಂತನ್ನು ಯಾರು ಕಟ್ಟಬೇಕು ಎನ್ನುವುದೇ ಈಗ ಎಚ್‌ಆರ್ ಮೇಜಿನ ಮುಂದಿಡಬೇಕಾದ ಪ್ರಶ್ನೆ.