ಆ ತಂತಿ ಯಾರದು?



ಮನೆಗೆ ದೂರವಾಣಿಯ ತಾಮ್ರದ ತಂತಿ ಬಂದಾಗ ಅದರ ಒಡೆತನದ ಪ್ರಶ್ನೆ ನನಗೆ ಹೊಳೆದಿರಲಿಲ್ಲ. 1885ರ ಟೆಲಿಗ್ರಾಫ್ ಕಾಯಿದೆ ಆ ಹಕ್ಕನ್ನು ಸರಕಾರಕ್ಕೇ ಮೀಸಲಿರಿಸಿತ್ತು. 1998ರಲ್ಲಿ ಖಾಸಗಿಯವರಿಗೂ ಅಂತರಜಾಲ ಸೇವೆಯ ಪರವಾನಗಿ ದೊರೆಯಿತು; ಮನೆ ಮುಟ್ಟುವ ತಂತಿ ಮಾತ್ರ ದೊರೆಯಲಿಲ್ಲ. ಬಸ್ಸಿಗೆ ಪರ್ಮಿಟ್ ಕೊಟ್ಟು ರಸ್ತೆ ಕೊಡದಂತೆ!

ಆ ತಂತಿಯನ್ನು ಇತರರಿಗೂ ತೆರೆಯಬೇಕೆಂದು 2004ರಲ್ಲಿ ಟ್ರಾಯ್ ಶಿಫಾರಸು ಮಾಡಿತು. ಅದೇ ಅಕ್ಟೋಬರಿನ ಬ್ರಾಡ್‌ಬ್ಯಾಂಡ್ ನೀತಿ 256 ಕಿಲೋಬಿಟ್ ಕನಿಷ್ಠ ವೇಗವನ್ನು ಗೊತ್ತುಪಡಿಸಿತೇ ಹೊರತು ತಂತಿ ಹಂಚಿಕೆಯನ್ನು ಕಡ್ಡಾಯಗೊಳಿಸಲಿಲ್ಲ. ಪರಸ್ಪರ ಒಪ್ಪಂದಕ್ಕೆ ಬಿಟ್ಟಿತು. ತಂತಿಯುಳ್ಳವನು ಪ್ರತಿಸ್ಪರ್ಧಿಯೊಡನೆ ಏಕೆ ಒಪ್ಪಿಯಾನು?

ಅಂತಹ ಪುಟ್ಟ ಉದ್ಯಮ ನಡೆಸುತ್ತಿದ್ದ ನನ್ನ ಶಿಷ್ಯನೊಬ್ಬ ಮಹಡಿಯಿಂದ ಮಹಡಿಗೆ ತಾನೇ ಕೇಬಲ್ ಎಳೆದು ಎರಡು ವರ್ಷ ಹೆಣಗಿ, ಕೊನೆಗೆ ಬಾಗಿಲು ಮುಚ್ಚಿದ. ಲೆಕ್ಕದಲ್ಲಿ ತರಗತಿಗೇ ಮೊದಲಿಗನಾಗಿದ್ದವನು. ಹಳೆಯ ಕಾಯಿದೆಯ ಸ್ಥಾನಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಬಂದಾಗ ಅವನೇ ದೂರವಾಣಿ ಮಾಡಿ, "ಓದಿದಿರಾ ಸಾರ್?" ಎಂದು ಕೇಳಿದ.