ಆನ್‌ಲೈನ್‌ನಲ್ಲಿ ಹಳೇ ಸಾಮಾನು ಮಾರಿದ ಮೇಲೆ ‘ವಾಪಸ್ ತಗೊಳ್ಳಿ’ ಎಂದರೆ ತಗೊಳ್ಳಲೇಬೇಕೇ? ತಪ್ಪು ತಿಳಿವಳಿಕೆಗಳು ಮತ್ತು ವಾಸ್ತವ

ಹಳೇ ಮೊಬೈಲ್, ಬೈಕ್, ಇನ್ವರ್ಟರ್, ವೀಡ್ ಕಟರ್, ಅಡಿಕೆ ಸುಲಿಯುವ ಮೆಷಿನ್. ಇವನ್ನೆಲ್ಲ ಈಗ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಅಥವಾ ಊರಿನ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿ ಮಾರುವುದು ಸಾಮಾನ್ಯ. ಮಾರುವುದು ಸುಲಭ, ತಕರಾರು ಶುರುವಾಗುವುದು ಆಮೇಲೆ. ‘ಎರಡೇ ದಿನಕ್ಕೆ ಕೆಟ್ಟಿತು, ದುಡ್ಡು ವಾಪಸ್ ಕೊಡಿ, ಇಲ್ಲದಿದ್ದರೆ ಕಂಪ್ಲೇಂಟ್ ಕೊಡ್ತೀನಿ’ ಎಂಬ ಮೆಸೇಜ್ ಬಂದರೆ ಏನು ಮಾಡಬೇಕು? ಈ ಬಗ್ಗೆ ಹರಿದಾಡುವ ಕೆಲವು ಮಾತುಗಳನ್ನು ನಾವು ಒಂದೊಂದಾಗಿ ನೋಡೋಣ.

ಹೇಳಿಕೆ 1: ಆನ್‌ಲೈನ್‌ನಲ್ಲಿ ಮಾರಿದರೆ ಏಳು ದಿನದೊಳಗೆ ವಾಪಸ್ ತೆಗೆದುಕೊಳ್ಳುವುದು ಕಡ್ಡಾಯ

ವಾಸ್ತವ: ತಪ್ಪು. ದೊಡ್ಡ ಶಾಪಿಂಗ್ ತಾಣಗಳ ಏಳು ದಿನ, ಹತ್ತು ದಿನಗಳ ಗಡುವು ಆಯಾ ಕಂಪನಿಯವರು ಮಾಡಿಕೊಂಡ ನಿಯಮ. ಗ್ರಾಹಕ ರಕ್ಷಣಾ ಕಾಯ್ದೆಯಡಿ ಬಂದ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ವಸ್ತುವನ್ನು ವ್ಯಾಪಾರಿ ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ಆದರೆ ವ್ಯಾಪಾರವಾಗಿ ಅಲ್ಲದೆ, ಸ್ವಂತ ನೆಲೆಯಲ್ಲಿ ಮಾರುವ ವ್ಯಕ್ತಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ ಎಂದು ಅವುಗಳಲ್ಲೇ ಹೇಳಿದೆ. ನೀವು ಬಳಸಿದ ಒಂದು ಫೋನ್ ಮಾರುವುದು ಬೇರೆ. ತಿಂಗಳಿಗೆ ಹತ್ತು ಫೋನ್ ಕೊಂಡು ಮಾರುವುದು ಬೇರೆ. ಎರಡನೆಯದು ವ್ಯಾಪಾರ, ಅಲ್ಲಿ ನಿಯಮ ಅನ್ವಯಿಸುತ್ತದೆ.

ಹೇಳಿಕೆ 2: ‘ಇದ್ದ ಹಾಗೇ ಮಾರಾಟ, ವಾಪಸ್ ಇಲ್ಲ’ ಎಂದು ಬರೆದರೆ ಯಾವ ಹೊಣೆಯೂ ಇಲ್ಲ

ವಾಸ್ತವ: ಅರ್ಧ ಸತ್ಯ. ಇಂಥ ಮಾರಾಟಕ್ಕೆ 1930ರ ಸರಕು ಮಾರಾಟ ಕಾಯ್ದೆ ಅನ್ವಯಿಸುತ್ತದೆ. ಅದರ 16ನೇ ಸೆಕ್ಷನ್ ಪ್ರಕಾರ, ಆ ವಸ್ತುವಿನ ವ್ಯಾಪಾರ ಮಾಡದ ವ್ಯಕ್ತಿ ಗುಣಮಟ್ಟಕ್ಕೆ ತಾನಾಗಿಯೇ ಗ್ಯಾರಂಟಿ ಕೊಟ್ಟಂತೆ ಆಗುವುದಿಲ್ಲ. ನೋಡಿ ಕೊಳ್ಳುವುದು ಕೊಳ್ಳುವವರ ಕೆಲಸ. ಆದರೆ 15ನೇ ಸೆಕ್ಷನ್ ಪ್ರಕಾರ, ವಿವರಣೆ ನೋಡಿ ಕೊಂಡ ವಸ್ತು ಆ ವಿವರಣೆಗೆ ತಕ್ಕಂತೆ ಇರಬೇಕು. ‘ಎರಡು ವರ್ಷ ಹಳೆಯದು’ ಎಂದು ಬರೆದು ಐದು ವರ್ಷದ್ದು ಕೊಟ್ಟರೆ ‘ವಾಪಸ್ ಇಲ್ಲ’ ಎಂಬ ಸಾಲು ನಿಮ್ಮನ್ನು ಕಾಯುವುದಿಲ್ಲ. ಗೊತ್ತಿದ್ದೂ ದೋಷವನ್ನು ಮುಚ್ಚಿಟ್ಟರೆ ಅದು 1872ರ ಕರಾರು ಕಾಯ್ದೆಯಡಿ ವಂಚನೆಯಾಗಬಹುದು. ಆಗ ಕೊಂಡವರು ವ್ಯವಹಾರವನ್ನೇ ರದ್ದು ಮಾಡಬಹುದು.

ಒಟ್ಟಿನಲ್ಲಿ ಮುಖ್ಯ ಪ್ರಶ್ನೆ ಒಂದೇ: ನೀವು ಹೇಳಿದ್ದೂ ಕೊಟ್ಟದ್ದೂ ಒಂದೇ ಆಗಿತ್ತೇ?

ಹೇಳಿಕೆ 3: ಮಾರಿದ ಮೇಲೆ ಏನೇ ಕೆಟ್ಟರೂ ಮಾರಿದವರೇ ಹೊಣೆ

ವಾಸ್ತವ: ಯಾವಾಗ, ಯಾಕೆ ಕೆಟ್ಟಿತು ಎಂಬುದರ ಮೇಲೆ ನಿಂತಿದೆ. ಹೊಸನಗರ ತಾಲ್ಲೂಕಿನ ಹುಲಿಕಲ್‌ನ ರೈತರೊಬ್ಬರು ತಮ್ಮ ವೀಡ್ ಕಟರ್ ಅನ್ನು ಘಟ್ಟದ ಕೆಳಗೆ ಕುಂದಾಪುರ ಕಡೆಯವರಿಗೆ ಮಾರಿದರು ಎಂದಿಟ್ಟುಕೊಳ್ಳಿ. ಎರಡು ದಿನಕ್ಕೆ ‘ಪಿಸ್ಟನ್ ಸೀಜ್ ಆಗಿದೆ’ ಎಂದು ಫೋನ್ ಬರುತ್ತದೆ. ಟೂ-ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲ್ ಜೊತೆ ಆಯಿಲ್ ಬೆರೆಸಿಯೇ ಹಾಕಬೇಕು. ಫೋರ್-ಸ್ಟ್ರೋಕ್ ಬಳಸಿ ಅಭ್ಯಾಸ ಇದ್ದವರು ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಉಜ್ಜಿ ಹಿಡಿದುಕೊಳ್ಳುತ್ತದೆ. ಬಿಚ್ಚಿ ನೋಡಿದ ಮೆಕ್ಯಾನಿಕ್‌ಗೆ ಪಿಸ್ಟನ್ ಮೇಲಿನ ಗೀರು ಕಾಣುತ್ತದೆ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್‌ನಲ್ಲಿ ಆಯಿಲ್ ಇದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಆಯಿಲ್ ಇಲ್ಲದಿದ್ದರೆ ತಪ್ಪು ಮಾರಿದವರದ್ದಲ್ಲ. ಆದರೆ ಮೊದಲೇ ‘ಆಯಿಲ್ ಬೆರೆಸಿ ಹಾಕಿ’ ಎಂದು ಮೆಸೇಜ್ ಮಾಡಿದ್ದರೆ ಜಗಳವೇ ಬರುತ್ತಿರಲಿಲ್ಲ.

ಮೊಬೈಲ್ ವಿಷಯದಲ್ಲಿ ಉಲ್ಟಾ ಆಗುವುದುಂಟು. ಹುಲಿಕಲ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ‘ನೀರಿಗೆ ಬಿದ್ದಿಲ್ಲ, ನಮ್ಮೂರಿನ ತೇವಕ್ಕೆ ಹೀಗಾಗಿದೆ’ ಎಂದು ಮಾರಿದವರು ಹೇಳಬಹುದು. ಅನೇಕ ಫೋನ್‌ಗಳ ಒಳಗೆ ನೀರು ತಾಗಿದರೆ ಕೆಂಪಾಗುವ ಸಣ್ಣ ಪಟ್ಟಿ ಇರುತ್ತದೆ, ಕೆಲವದರಲ್ಲಿ ಸಿಮ್ ಹಾಕುವ ಜಾಗದಲ್ಲೇ ಕಾಣುತ್ತದೆ. ಅದು ನೀರು ನೇರವಾಗಿ ತಾಗಿದಾಗ ಬಣ್ಣ ಬದಲಿಸುವಂತೆ ಮಾಡಿದ್ದು, ಸಾಮಾನ್ಯ ತೇವಾಂಶಕ್ಕಲ್ಲ. ಮಾರುವ ಮುಂಚೆ ಆ ಪಟ್ಟಿಯ ಫೋಟೋವನ್ನೂ ಕಳಿಸಿದ್ದರೆ, ನೀರು ಯಾರ ಕೈಯಲ್ಲಿದ್ದಾಗ ಹೋಯಿತು ಎಂಬ ವಾದಕ್ಕೆ ಜಾಗವೇ ಇರುವುದಿಲ್ಲ.

ಹೇಳಿಕೆ 4: ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ದುಡ್ಡು ವಾಪಸ್ ಕೊಡಲೇಬೇಕು

ವಾಸ್ತವ: ತಪ್ಪು. ವಂಚನೆ ಎಂಬ ಅಪರಾಧಕ್ಕೆ ಮೊದಲಿಂದಲೇ ಮೋಸ ಮಾಡುವ ಉದ್ದೇಶ ಇರಬೇಕು. ವಸ್ತು ಆಮೇಲೆ ಕೆಟ್ಟಿದ್ದು, ಬೆಲೆ ಜಾಸ್ತಿಯಾಯಿತು ಎನಿಸಿದ್ದು ಸಿವಿಲ್ ತಕರಾರು. ಅದನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಹೆದರಿ ದುಡ್ಡು ಕೊಡಬೇಕಿಲ್ಲ. ಹಾಗೆಂದು ಪೊಲೀಸರು ಕರೆದರೆ ಹೋಗದೆ ಇರಬೇಡಿ. ಚಾಟ್, ಫೋಟೋ, ಬಿಲ್ ತೆಗೆದುಕೊಂಡು ಹೋಗಿ ತೋರಿಸಿ.

ಹೇಳಿಕೆ 5: ಬೈಕ್ ಮಾರಿ ದುಡ್ಡು ಎಣಿಸಿಕೊಂಡರೆ ಸಂಬಂಧ ಮುಗಿಯಿತು

ವಾಸ್ತವ: ಇದು ಎಲ್ಲಕ್ಕಿಂತ ಅಪಾಯದ ತಪ್ಪು ತಿಳಿವಳಿಕೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಕಾರು ಹಲವರ ಕೈ ಬದಲಾಗಿತ್ತು, ಆದರೆ ಆರ್‌ಸಿ ಮೊದಲಿನವರ ಹೆಸರಿನಲ್ಲೇ ಇತ್ತು. 2009ರಲ್ಲಿ ಅಪಘಾತವಾಯಿತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಹೇಳಿತು. ಸಾಗರದ ಕೆಎ-15 ನೋಂದಣಿಯ ಬೈಕ್ ಮಾರಿದರೂ ಇದೇ ಮಾತು. ರಾಜ್ಯದೊಳಗೇ ಮಾರಿದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು (ಫಾರ್ಮ್ 29). ವರ್ಗಾವಣೆಗೆ ಫಾರ್ಮ್ 30 ಬೇಕು. ಹೆಸರು ಬದಲಾಗುವವರೆಗೆ ಕೊಂಡವರ ಗುರುತಿನ ಚೀಟಿ, ಸಹಿ ಮಾಡಿದ ಪತ್ರ, ಬೈಕ್ ಕೊಟ್ಟ ದಿನ ಮತ್ತು ಸಮಯ ನಿಮ್ಮ ಬಳಿ ಇರಲಿ.

ಹೇಳಿಕೆ 6: ರಿಫಂಡ್‌ಗೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಬೇಕು

ವಾಸ್ತವ: ಹಣ ಪಡೆಯುವವರು ಯುಪಿಐ ಪಿನ್ ಹಾಕುವ ಅಗತ್ಯ ಎಂದೂ ಇಲ್ಲ. ಪಿನ್ ಹಾಕಿದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ. ‘ತಪ್ಪಿ 5,000ದ ಬದಲು 50,000 ಹಾಕಿದ್ದೇನೆ, ಉಳಿದದ್ದು ವಾಪಸ್ ಕಳಿಸಿ’ ಎಂದರೆ ಅವರು ಕಳಿಸಿದ ಎಸ್‌ಎಂಎಸ್ ನಂಬಬೇಡಿ, ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಬ್ಯಾಲೆನ್ಸ್ ನೋಡಿ. ನಿಜವಾಗಿ ರಿಫಂಡ್ ಕೊಡುವಾಗಲೂ ಹಣ ಯಾವ ಖಾತೆಯಿಂದ ಬಂತೋ ಅದಕ್ಕೇ ಕಳಿಸಿ. ‘ಬೇರೆ ನಂಬರ್‌ಗೆ ಹಾಕಿ’ ಎಂದರೆ ಒಪ್ಪಬೇಡಿ. ಮೊದಲು ಬಂದ ಹಣ ಕದ್ದ ಖಾತೆಯದ್ದಾಗಿದ್ದರೆ ತನಿಖೆ ನಿಮ್ಮ ಖಾತೆಗೂ ಬರುತ್ತದೆ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹಾಗಾದರೆ ಏನು ಮಾಡಬೇಕು?

ಮಾರುವ ಮುಂಚೆ: ಗೀರು, ಬಿರುಕು, ರಿಪೇರಿ, ಬದಲಿಸಿದ ಭಾಗ ಎಲ್ಲವನ್ನೂ ಮೆಸೇಜ್‌ನಲ್ಲಿ ಬರೆಯಿರಿ. ವಸ್ತು ಓಡುತ್ತಿರುವ ವಿಡಿಯೊ ಕಳಿಸಿ. ಫೋನ್ ಆದರೆ *#06# ಒತ್ತಿ ಐಎಂಇಐ ನಂಬರ್ ಬರೆದಿಡಿ. ವಾಪಸ್ ಬಂದದ್ದು ನೀವು ಕೊಟ್ಟ ಫೋನೇ ಎಂದು ತಿಳಿಯಲು ಇದೇ ದಾರಿ.

ಕೊಡುವಾಗ: ಎದುರಿಗೇ ಓಡಿಸಿ ತೋರಿಸಿ, ‘ನೋಡಿ ತೆಗೆದುಕೊಂಡಿದ್ದೇನೆ’ ಎಂದು ಅವರಿಂದ ಮೆಸೇಜ್ ಮಾಡಿಸಿ. ಪಾರ್ಸೆಲ್ ಆದರೆ ಪ್ಯಾಕ್ ಮಾಡುವುದನ್ನು ವಿಡಿಯೊ ಮಾಡಿ. ತೆರೆಯುವಾಗ ವಿಡಿಯೊ ಮಾಡಲು ಅವರಿಗೂ ಹೇಳಿ.

ದೂರು ಬಂದಾಗ: ಫೋನಿನಲ್ಲಿ ವಾದ ಮಾಡಬೇಡಿ. ಏನು ಕೆಟ್ಟಿದೆ, ಯಾವಾಗ, ವಿಡಿಯೊ ಕಳಿಸಿ ಎಂದು ಬರವಣಿಗೆಯಲ್ಲಿ ಕೇಳಿ. ದೋಷ ನಿಮ್ಮ ಕಡೆಯದ್ದೇ ಆಗಿದ್ದರೆ ಪೂರ್ತಿ ವಾಪಸ್ ಒಂದೇ ದಾರಿಯಲ್ಲ, ರಿಪೇರಿ ಖರ್ಚು ಅಥವಾ ಬೆಲೆಯಲ್ಲಿ ಒಂದಿಷ್ಟು ಬಿಟ್ಟುಕೊಡುವುದೂ ಆಗುತ್ತದೆ. ವಾಪಸ್ ಎಂದು ಒಪ್ಪಿದರೆ ವಸ್ತು ಕೈಗೆ ಬಂದು, ಪರೀಕ್ಷಿಸಿದ ಮೇಲೆ ಹಣ ಕೊಡಿ. ಸಾಗಣೆ ಖರ್ಚು ಯಾರದು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ.

ಚಾಟ್ ಡಿಲೀಟ್ ಮಾಡಬೇಡಿ, ತಾನಾಗಿಯೇ ಮೆಸೇಜ್ ಅಳಿಸುವ ಸೆಟ್ಟಿಂಗ್ ಆಫ್ ಮಾಡಿ. ‘ವಾಟ್ಸಾಪ್ ಸಾಕ್ಷಿಯಲ್ಲ’ ಎಂಬ ಮಾತೂ ಸರಿಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅಡಿ, ಪ್ರಮಾಣಪತ್ರದೊಂದಿಗೆ ಡಿಜಿಟಲ್ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡಬಹುದು.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಅಥವಾ ಕಾನೂನು ನೆರವಿನ 15100ಕ್ಕೆ ಕರೆ ಮಾಡಿ. ಎರಡೂ ಕಡೆಯವರು ಒಪ್ಪಿದರೆ ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು. ಹಳೇ ಸಾಮಾನನ್ನು ಅಂಗಡಿ ಅಥವಾ ಕಂಪನಿಯಿಂದ ಕೊಂಡಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ನಮ್ಮ ತೀರ್ಮಾನ: ಬಳಸಿದ ವಸ್ತು ಮಾರಿದ ವ್ಯಕ್ತಿ ಕೇಳಿದಾಗಲೆಲ್ಲ ವಾಪಸ್ ಪಡೆಯಬೇಕು ಎಂಬುದು ತಪ್ಪು. ಮಾರಿದ ಮೇಲೆ ಹೊಣೆಯೇ ಇಲ್ಲ ಎಂಬುದೂ ತಪ್ಪು. ಇರುವ ದೋಷವನ್ನು ಮೊದಲೇ ಹೇಳಿದರೆ ಬೆಲೆ ಐನೂರು ರೂಪಾಯಿ ಕಡಿಮೆ ಆಗಬಹುದು, ಆದರೆ ಆಮೇಲೆ ಫೋನ್ ಬಂದಾಗ ತೋರಿಸಲು ನಿಮ್ಮ ಕೈಯಲ್ಲಿ ಆ ಮೆಸೇಜ್ ಇರುತ್ತದೆ.

(ಇದು ಸಾಮಾನ್ಯ ಮಾಹಿತಿ. ದೊಡ್ಡ ಮೊತ್ತದ ತಕರಾರು ಇದ್ದರೆ ವಕೀಲರನ್ನು ಕೇಳಿ ಮುಂದುವರಿಯಿರಿ.)